ಪಿಲಾರಜ್ಜಿಯ ಭಾನುವಾರದ ಫೋನ್

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ಮದುವೆಯಿಲ್ಲ! ಗಾದೆ ಕೆಡಿಸಿದ್ದು ನಾನೇ. ಕಥೆ ಮಾತ್ರ ಅಪ್ಪಟ ನಿಜ.

೧೯೯೪. ಸಿಡ್ನಿಯ ವೆಸ್ಟ್‌ಮೀಡಿನ ಹಾಲೊಂದರಲ್ಲಿ ಯುಗಾದಿ ಊಟ. ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದ ಮಹತಿಯ ಬೆನ್ನ ಹಿಂದೆ ಮುದುಕಿಯೊಬ್ಬಳ ದನಿ.

“ಅಯ್ಯೋ ಮಗೂ, ಇನ್ನೊಂದು ಹಾಕಿಸ್ಕೋ! ಎಲುಬು ಎಣಿಸಬಹುದು!”

ತಿರುಗಿದರೆ... ಮೀಸೆ ಹೊತ್ತ ಯುವಕ!

ಅವಳು ಬೆಚ್ಚಿಬಿದ್ದಳು. ತಟ್ಟೆಯ ಕೋಸಂಬರಿ ಅವನ ಶರ್ಟಿನ ಮೇಲೆ ಅಕ್ಷತೆಯಂತೆ ಉದುರಿತು.

“ಸಾರಿ... ಅದು ನಾನಲ್ಲ, ಪಿಲಾರಜ್ಜಿ. ಸ್ಪೇನಿನ ಸೋರಿಯಾದಲ್ಲಿ ನನ್ನ ಮನೆ ಓನರ್. ನಾನು ಹೃಷಿಕೇಶ, ಮೆಲ್ಬರ್ನಿನ ಗ್ಲೆನ್ ವೇವರ್ಲಿ.”

ಸೇತುವೆ ಕೆಲಸಕ್ಕೆಂದು ಹೋಗಿ ಆ ಪುಟ್ಟ ಊರಿನಲ್ಲಿ ಎರಡು ವರ್ಷ ಇದ್ದನಂತೆ. ಈಗ ಆಫೀಸಿನ ಕೆಲಸ, ವಾರದ ಮಟ್ಟಿಗೆ ಸಿಡ್ನಿ.

ಅವಳು ಆಸ್ಪತ್ರೆಯ ಲ್ಯಾಬ್ ಮುಗಿಸಿ ಬರುವ ಹೊತ್ತಿಗೆ ದಿನಾ ಸಂಜೆ ಸ್ಟೇಷನ್ನಿನ ಬಳಿ ಕಾಯುತ್ತಿದ್ದ. ಹಣ್ಣೆಲೆ ಉದುರುವ ರಸ್ತೆಯಲ್ಲಿ ಇಬ್ಬರ ನಡಿಗೆ.

“ಸೋರಿಯಾದಲ್ಲಿ ಮಧ್ಯಾಹ್ನ ಊರಿಗೆ ಊರೇ ಮಲಗುತ್ತೆ. ಅಂಗಡಿ ಬಂದ್, ಬ್ಯಾಂಕ್ ಬಂದ್. ನಾಯಿ ಕೂಡ ಬೊಗಳಲ್ಲ, ಪಿಲಾರಜ್ಜಿ ಬೈತಾರೆ ಅಂತ! ನಾನು ವೆಜಿಟೇರಿಯನ್ ಅಂದ್ರೆ, ‘ಪಾಪ, ಏನು ಕಾಯಿಲೆ?’ ಅಂತ ಕೇಳಿ, ಹಂದಿ ಮಾಂಸ ಸಣ್ಣಗೆ ಹೆಚ್ಚಿ ಹಾಕೋರು!”

ಮಹತಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. “ಮತ್ತೆ ಸಂಜೆ?”

“ಊರೆಲ್ಲ ಇಸ್ತ್ರಿ ಬಟ್ಟೆ ಹಾಕ್ಕೊಂಡು ಒಂದೇ ಬೀದೀಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತೆ. ಹುಡುಗ ಹುಡುಗಿ ದಿನಾ ಜೊತೆಗೆ ನಡೆದರೆ...”

“ನಡೆದರೆ?”

ಅವನ ಕಿವಿ ಕೆಂಪಾಯಿತು. “...ಚಪ್ಪಲಿ ಸವೆಯುತ್ತೆ.”

ಅವನು ಮೆಲ್ಬರ್ನಿಗೆ ಹೋದ ಮೇಲೆ ಪ್ರತಿ ಭಾನುವಾರ ಫೋನ್. ಒಮ್ಮೆ ಸೋರಿಯಾದ ಬ್ರೆಡ್ ಅಂಗಡಿಯವನು, ಒಮ್ಮೆ ಚರ್ಚಿನ ಗಂಟೆ ಹೊಡೆಯುವವನು, ಹೆಚ್ಚಾಗಿ ಪಿಲಾರಜ್ಜಿ. ಕಣ್ಣು ಮುಚ್ಚಿದರೆ ಮಹತಿ ಆ ಬೀದಿಯಲ್ಲೇ ಇರುತ್ತಿದ್ದಳು... ಕಲ್ಲುಹಾಸಿನ ಮೇಲೆ ಇಳಿಬಿಸಿಲು, ಪಕ್ಕದಲ್ಲಿ ಅವನ ಹೆಜ್ಜೆ.

ಆದರೆ ಊರೆಲ್ಲ ಮಾತಾಡಿತು, ಅವನೊಬ್ಬ ಮಾತಾಡಲಿಲ್ಲ!

‘ನಿಮಗೆ ನಿಮ್ಮದೇ ದನಿ ಇಲ್ವಾ?’ ಎಂದು ಕೇಳಬೇಕೆನಿಸುತ್ತಿತ್ತು ಮಹತಿಗೆ.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ಫೋನ್. “ಡಾಕ್ಟರ್ ಹುಡುಗ, ಜಾತಕ ಕೂಡಿದೆ. ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಹೇಳೇ. ಇಲ್ಲಾಂದ್ರೆ ಮಾತು ಕೊಟ್ಬಿಡ್ತೀವಿ.”

ಮುಂದಿನ ಭಾನುವಾರ ಮತ್ತೆ ಅದೇ ದನಿ. “ಮಗೂ, ನಾನು ಪಿಲಾರಜ್ಜಿ...”

ಮಹತಿ ಮಧ್ಯೆಯೇ ತಡೆದಳು. “ಅಜ್ಜೀ, ಹೃಷಿಕೇಶ್‌ಗೆ ಹೇಳಿಬಿಡಿ. ನನ್ನ ಮದುವೆ ಗೊತ್ತಾಯ್ತು. ಆರತಕ್ಷತೆಗೆ ಬಂದು ಮಿಮಿಕ್ರಿ ಮಾಡಲಿ.”

ಅಜ್ಜಿಯ ಗಂಟಲು ಒಡೆದು ಗಂಡಸಿನ ದನಿ ಬಂತು. “ಏನೂ?!”

ಫೋನ್ ಕಟ್!

ಮರುದಿನ ಸಂಜೆ ಅವನು ಸ್ಟೇಷನ್ನಿನ ಬಳಿ ನಿಂತಿದ್ದ. ಬಸ್ಸಿನಲ್ಲಿ ನಿದ್ದೆಗೆಟ್ಟ ಕಣ್ಣು, ಕಾಲಿಗೊಂದು ಬಣ್ಣದ ಸಾಕ್ಸ್.

“ಮಹತಿ... ಸೋರಿಯಾದಲ್ಲಿ ದಿನಾ ಜೊತೆಗೆ ನಡೆದರೆ ಊರೇ ‘ಲಗ್ನ ಯಾವಾಗ?’ ಅಂತ ಕೇಳುತ್ತೆ. ಅವತ್ತೇ ಹೇಳಬೇಕಿತ್ತು. ನನ್ನ ದನಿಯಲ್ಲಿ ಕೇಳಿ, ನೀವು ಬೇಡ ಅಂದ್ಬಿಟ್ರೆ...? ಅಜ್ಜಿಗೆ ಬೇಡ ಅಂದ್ರೆ ಅಷ್ಟು ನೋವಾಗಲ್ಲ. ತಡವಾಯ್ತಲ್ಲ... ಯಾರು ಹುಡುಗ?”

“ಮೈಸೂರಿನ ಡಾಕ್ಟರ್. ಬೇಡ ಅಂತ ಅಮ್ಮನಿಗೆ ಆಗಲೇ ಹೇಳಿಬಿಟ್ಟೆ.”

“ಮತ್ತೆ ಮದುವೆ ಗೊತ್ತಾಯ್ತು ಅಂದಿದ್ದು?”

ಮಹತಿ ಬೆನ್ನು ಬಗ್ಗಿಸಿ, ಥೇಟ್ ಪಿಲಾರಜ್ಜಿಯ ದನಿ ತೆಗೆದಳು. “ನಿಜಾನೇ ಕಣೋ ಮಗೂ. ಹುಡುಗನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ!”

ಅವನು ಬಾಯಿ ತೆರೆದ. ಯಾವ ಅಜ್ಜಿಯೂ ಬರಲಿಲ್ಲ, ಬ್ರೆಡ್ಡಿನವನೂ ಬರಲಿಲ್ಲ.

“ನನ್ನ... ಮದುವೆ ಆಗ್ತೀಯಾ?” ನಡುಗುವ, ಸಣ್ಣ, ಅವನದೇ ದನಿ.

“ಹೂಂ. ಬಾ, ಚಪ್ಪಲಿ ಸವೆಸೋಣ.”

ಆಗ ನಕ್ಕ ನೋಡಿ ಹೃಷಿಕೇಶ! ಮಹತಿಯ ನಗು ಮುಳುಗಿಹೋಯಿತು, ಬಂದ ರೈಲಿನ ಸದ್ದೂ ಮುಳುಗಿತು.