ದಪ್ಪ ತಂತಿಯ ಸೋವಲೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಹೆಬ್ಬಂಡೆ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಸೋವಲೆ ಎಂಬ ಗಿಟಾರ್ ವಾದಕಿ ಇದ್ದಳು. ಅಷ್ಟು ಹಿಂದೆ ಗಿಟಾರ್ ಎಲ್ಲಿಂದ ಬಂತು ಎಂದು ತಲೆಹರಟೆ ಮಾಡಬೇಡಿ. ಇನ್ನು ಸ್ವಲ್ಪ ಹೊತ್ತಿಗೆ ಮಾತಾಡುವ ಕರಡಿಯನ್ನು ನಂಬಲಿದ್ದೀರಿ, ಗಿಟಾರನ್ನೂ ನಂಬಿಬಿಡಿ.

ಮರದ ಹೊಟ್ಟೆಯ ಆ ಗಿಟಾರಿಗೆ ಆರು ತಂತಿ. ಆರನ್ನೂ ಒಟ್ಟಿಗೆ ಮೀಟಿ ಝಲ್ಲೆನ್ನಿಸುವುದರಲ್ಲಿ ಸೋವಲೆಯನ್ನು ಮೀರಿಸಿದವರಿರಲಿಲ್ಲ. ಈ ಸಂಗತಿ ಅವಳಿಗೂ ಚೆನ್ನಾಗಿಯೇ ಗೊತ್ತಿತ್ತು.

ಹೀಗಿರುವಾಗ ಕಿಂಕಿಣನೆಂಬ ಮಾಯಾವಿ ಬಂದ. ಅವನಿಗೆ ದಪ್ಪ ದನಿ ಕೇಳಿದರೆ ಮೈಯೆಲ್ಲ ಉರಿ. ಗುಡುಗಿನ ಸದ್ದು, ನಗಾರಿಯ ಸದ್ದು, ರಾಗಿ ಬೀಸುವ ಕಲ್ಲಿನ ಸದ್ದು, ಎಲ್ಲವನ್ನೂ ಬಾಚಿ ತಾಮ್ರದ ಕೊಪ್ಪರಿಗೆಗೆ ತುಂಬಿ ಅರಗು ಹಾಕಿ ಮುಚ್ಚಿಬಿಟ್ಟ. ಅಂದಿನಿಂದ ಹೆಬ್ಬಂಡೆಯಲ್ಲಿ ಗುಡುಗಿದರೆ ಗುಬ್ಬಿ ಚೀರಿದಂತೆ ಕೇಳಿಸತೊಡಗಿತು. ಮಂದ್ರ ದನಿ ಹೋದ ಮೇಲೆ ಭಾರವೂ ಹೋಯಿತು. ಮೊದಲು ಹುಲ್ಲಿನ ಬಣವೆಗಳು ತೇಲಿದವು, ಆಮೇಲೆ ಎಮ್ಮೆಗಳು, ಆಮೇಲೆ ಒಬ್ಬೊಬ್ಬರಾಗಿ ಮನುಷ್ಯರು.

ತಾಯಿಯಿಲ್ಲದ ಸೋವಲೆಯನ್ನು ಸಾಕಿ ಬೆಳೆಸಿದ್ದು ಅಕ್ಕ ಬಾಚಲೆ. ಅವಳೂ ಒಂದು ಬೆಳಿಗ್ಗೆ ತೇಲಿದಳು. ಸೋವಲೆ ಓಡಿಬಂದು ಬಾವಿಯ ಹಗ್ಗವನ್ನು ಅಕ್ಕನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಬೀಸುವ ಕಲ್ಲಿಗೆ ಕಟ್ಟಿದಳು. ಆದರೆ ಕಲ್ಲೂ ದಿನದಿನಕ್ಕೆ ಹಗುರವಾಗುತ್ತಿತ್ತು. ಅದು ನೆಲ ಬಿಟ್ಟರೆ ಅಕ್ಕ ಮುಗಿಲ ಪಾಲು.

"ಅಕ್ಕಾ, ಹೆದರ್ಕೋಬೇಡ!"

"ನಾನೆಲ್ಲಿ ಹೆದರಿದ್ದೀನಿ? ಒಲೆ ಮೇಲೆ ಹುರುಳಿ ಸೀದು ಹೋಗ್ತಿದೆ, ಮೊದಲು ಅದನ್ನ ಇಳಿಸೇ!" ಎಂದು ಸೂರಿನ ಮೇಲಿಂದ ಬಾಚಲೆ ಗದರಿದಳು.

ಆದರೆ ಗದರುತ್ತಲೇ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಸೋವಲೆಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಅರಮನೆಯ ವಾದ್ಯಶಾಲೆಯ ಹಿರಿಯ ಮಾಸಣಯ್ಯನ ಬಳಿಗೆ ಹೋಗಿ ಉಪಾಯ ಕೇಳಿದಳು. ಅವನು ಹೇಳಿದ: "ನೆಲದ ಮೇಲಿನ ದಪ್ಪ ದನೀನೆಲ್ಲ ಕಿಂಕಿಣ ಕದ್ದಿದ್ದಾನೆ. ನೆಲದೊಳಗಿನ ದನಿ ಮಾತ್ರ ಅವನಿಗೆ ಸಿಕ್ಕಿಲ್ಲ. ಅದನ್ನ ಎಬ್ಬಿಸೋದು ದಪ್ಪ ತಂತಿಯ ಬೇಸ್ ಗಿಟಾರು. ಕರಡಿ ಗವೀಲಿದೆ. ಆದ್ರೆ ನೀನು ಹೋಗಬೇಡಮ್ಮ. ಆರು ತಂತೀಲಿ ರಾಣಿ ಅನ್ನಿಸ್ಕೊಂಡೋಳು ಈಗ ನಾಲ್ಕು ತಂತಿ ಹಿಡಿದು ಅ ಆ ಇ ಈ ಕಲಿಯೋದಾ? ಜನ ನಗ್ತಾರೆ."

"ನಗಲಿ ಬಿಡಿ ಅಯ್ಯನೋರೆ. ನಗೋದಕ್ಕಾದ್ರೂ ಜನ ನೆಲದ ಮೇಲೆ ಉಳಿಯಲಿ" ಎಂದು ಸೋವಲೆ ಹೊರಟೇಬಿಟ್ಟಳು.

ಗವಿಯಲ್ಲಿ ಕರಡಿ ಬಾಗಿಲಿಗೇ ಮಲಗಿತ್ತು. ಅದರ ಬೆನ್ನ ಹಿಂದೆ ಬೇಸ್ ಗಿಟಾರ್. ಒನಕೆಯಷ್ಟು ಉದ್ದದ ಕತ್ತು, ನಾಲ್ಕೇ ತಂತಿ, ಒಂದೊಂದೂ ಹುರಿಹಗ್ಗದಷ್ಟು ದಪ್ಪ. ಹೊಟ್ಟೆಯೇ ಇಲ್ಲ, ಬರೀ ಹಲಗೆ. ಬುಡದಲ್ಲಿ ಬೇರಿನಂಥ ಬಾಲ.

"ಬಾಲವನ್ನ ನೆಲಕ್ಕೆ ಚುಚ್ಚು. ಭೂಮಿಯೇ ಇದರ ಹೊಟ್ಟೆ" ಎಂದಿತು ಕರಡಿ. "ಒಂದೇ ಒಂದು ಸ್ವರ ಗರಗರ ಅನ್ನದ ಹಾಗೆ ನುಡಿಸು, ವಾದ್ಯ ನಿಂದು. ಸೋತು ಕೈಬಿಟ್ಟೆಯೋ, ನೀನು ನಂಗೆ ಊಟ."

ಒಂದು ಸ್ವರ ತಾನೇ ಎಂದುಕೊಂಡಳು ಸೋವಲೆ. ಎಡಗೈ ಬೆರಳುಗಳು ಹೇಗೂ ಜಡ್ಡುಗಟ್ಟಿದ್ದವು. ಆದರೆ ಬಲಗೈಯಲ್ಲಿ ಅವಳು ಇಷ್ಟು ವರ್ಷ ಕೊಂಬಿನ ಚೂರು ಹಿಡಿದು ಮೀಟಿದ್ದಳು. ಆ ಬೆರಳ ತುದಿಗಳು ಇನ್ನೂ ಎಳೆಯವೇ. ದಪ್ಪ ತಂತಿ ಎಳೆದೆಳೆದು ಬೊಬ್ಬೆ ಎದ್ದವು. ಸ್ವರ ಮಾತ್ರ ಮುರಿದ ಗಾಲಿಯಂತೆ ಗರಗರ ಎಂದಿತು. ಕರಡಿ ಬಾಯಿ ತೆರೆಯಿತು.

"ಬಾಯಿ ಮುಚ್ಚು! ನಾನಿನ್ನೂ ಕೈಬಿಟ್ಟಿಲ್ಲ" ಎಂದು ಗದರಿದಳು ಸೋವಲೆ.

ಮತ್ತೆ ಮೀಟಿದಳು. ಕರಡಿ ಬಾಯಿ ತೆರೆದಾಗಲೆಲ್ಲ ಗದರಿ ಮತ್ತೆ ಮೀಟಿದಳು. ಬೊಬ್ಬೆ ಒಡೆದ ಮೇಲೆ ಎಲ್ಲೋ ಒಮ್ಮೆ 'ಗುಂ' ಎಂದು ದುಂಡಗಿನ ಸ್ವರ ಎದ್ದು ಗವಿಯ ಗೋಡೆಯೆಲ್ಲ ನಡುಗಿತು. ಕರಡಿ ಬಾಯಿ ಮುಚ್ಚಿ ದಾರಿ ಬಿಟ್ಟಿತು.

ಕಿಂಕಿಣನ ಗೋಪುರದ ದಾರಿಗೆ ಅಡ್ಡಲಾಗಿ ಒಂದು ಕಲ್ಲಾನೆ ಬಿದ್ದುಕೊಂಡಿತ್ತು. ಅದು ಎದ್ದು ನಡೆದರೆ ಮಾತ್ರ ದಾರಿ. ಅದನ್ನು ಎಬ್ಬಿಸಲು ಸೋವಲೆ ವಾದ್ಯದ ಬಾಲವನ್ನು ನೆಲಕ್ಕೆ ಚುಚ್ಚಿ, ಹಳೆಯ ಅಭ್ಯಾಸದಂತೆ ನಾಲ್ಕೂ ತಂತಿಗಳನ್ನು ಒಟ್ಟಿಗೆ ಝಾಡಿಸಿದಳು. ಆರರಲ್ಲಿ ಝಲ್ಲೆನ್ನುತ್ತಿದ್ದದ್ದು ಇಲ್ಲಿ ಬುರಬುರ ಕುದಿಯಿತು. ಕಲ್ಲಾನೆ ಕಣ್ಣು ಬಿಟ್ಟು, ಸೊಂಡಿಲಿನಿಂದ ಅವಳನ್ನೆತ್ತಿ ಮುಳ್ಳುಪೊದೆಗೆ ಎಸೆಯಿತು.

"ಗೊಜ್ಜು! ಗೊಜ್ಜು!" ಎಂದು ಮರದ ಮೇಲಿನ ಗಿಳಿಗಳೆಲ್ಲ ನಕ್ಕವು.

ಸೋವಲೆ ಮುಳ್ಳು ಕೀಳುತ್ತ ಆನೆಗೆ, "ತಪ್ಪೇನಾಯ್ತು, ಅದನ್ನಾದ್ರೂ ಹೇಳು" ಎಂದಳು.

"ಹೆಜ್ಜೆ ಇಡೋದಕ್ಕೆ ನೀನು ಜಾಗವನ್ನೇ ಬಿಡ್ಲಿಲ್ವಲ್ಲ ತಾಯಿ" ಎಂದಿತು ಆನೆ.

ಸೋವಲೆಗೆ ನಾಚಿಕೆಯಾಯಿತು. ಆರು ತಂತಿಯ ಹೊತ್ತಿನಲ್ಲಿ ಖಾಲಿ ಜಾಗ ಕಂಡಲ್ಲೆಲ್ಲ ಅವಳು ಸ್ವರ ತುಂಬಿದ್ದಳು, ಜನ ಚಪ್ಪಾಳೆ ತಟ್ಟಿದ್ದರು. ಈಗ ಒಂದೇ ತಂತಿ ಮೀಟಿದಳು, ಮರುಗಳಿಗೆಗೆ ಅಂಗೈಯಿಂದ ಅದನ್ನು ಒತ್ತಿ ನಿಲ್ಲಿಸಿ ಸುಮ್ಮನಾದಳು. ಆ ಸುಮ್ಮನಿದ್ದ ಜಾಗದಲ್ಲಿ ಆನೆ ಒಂದು ಹೆಜ್ಜೆ ಇಟ್ಟಿತು. ಮೀಟಿದಳು, ನಿಲ್ಲಿಸಿದಳು. ಇನ್ನೊಂದು ಹೆಜ್ಜೆ. ಗಿಳಿಗಳ ನಗು ನಿಂತಿತು. ಆನೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಗೋಪುರಕ್ಕೆ ನಡೆಯಿತು.

ಕಿಂಕಿಣ ಗೋಪುರದ ಅಂಗಳದಲ್ಲಿ ಗಾಜಿನ ವೀಣೆ ಹಿಡಿದು ಕೂತಿದ್ದ. ಪಕ್ಕದಲ್ಲೇ ಅರಗು ಮೆತ್ತಿದ ಕೊಪ್ಪರಿಗೆ. ಅವಳನ್ನು ನೋಡಿ ಬಿದ್ದುಬಿದ್ದು ನಕ್ಕ.

"ಅಯ್ಯೋ ಸೋವಲೆ, ನಿನ್ನಂಥವಳ ಕೈಲಿ ಈ ಒನಕೆಯಾ? ಎಸೆದುಬಿಡು. ಆರು ತಂತೀಲಿ ಮೂರು ಲೋಕಕ್ಕೇ ನಿನ್ನನ್ನ ಮೊದಲಿಗಳನ್ನಾಗಿ ಮಾಡ್ತೀನಿ."

"ಮೊದಲಿಗಳಾಗಿ ಇದ್ದು ನೋಡಿ ಆಯ್ತು. ಆಗಲೂ ಅಕ್ಕ ತೇಲಿಹೋದಳು."

ಕಿಂಕಿಣನ ಬೆರಳು ವೀಣೆಯ ಮೇಲೆ ಹರಿದಾಡಿತು. ಮಿಂಚಿನಂಥ ಸ್ವರಗಳು ಬಂದು ಅವಳ ಮುಖಕ್ಕೆ ರಾಚಿದವು. ಅವಳ ಕೈ ತುರಿಸಿತು. ಇದಕ್ಕೆ ಉತ್ತರ ಕೊಡುವುದು ಅವಳಿಗೆ ಗೊತ್ತಿತ್ತು, ಆರು ತಂತಿ ಇದ್ದಿದ್ದರೆ ಕೊಟ್ಟೂ ಬಿಡುತ್ತಿದ್ದಳು. ಅಷ್ಟರಲ್ಲಿ ದೂರದ ಊರಿನತ್ತ ಕಣ್ಣು ಹೋಯಿತು. ಅವಳ ಮನೆಯ ಬೀಸುವ ಕಲ್ಲು ನೆಲ ಬಿಟ್ಟಿತ್ತು. ಹಗ್ಗದ ತುದಿಯಲ್ಲಿ ಅಕ್ಕ ಮೇಲೇರುತ್ತಿದ್ದಳು.

"ನುಡಿಸೇ! ಏನು ಬರುತ್ತೋ ಅದನ್ನೇ ನುಡಿಸು!" ಎಂದು ಕಿಂಕಿಣ ಕೆಣಕಿದ.

"ನನಗೆ ಬರೋದು ಒಂದೇ ಸ್ವರ. ಅದನ್ನೇ ನುಡಿಸ್ತೀನಿ, ಏನು ಮಾಡ್ಕೋತೀಯೋ ಮಾಡ್ಕೋ!"

ಬಾಲ ಚುಚ್ಚಿ ಮೀಟಿದಳು. ಗುಂ. ಅಂಗೈಯಿಂದ ನಿಲ್ಲಿಸಿದಳು. ಅವಳು ಬಿಟ್ಟ ಆ ಜಾಗದಲ್ಲಿ ಕೊಪ್ಪರಿಗೆಯೊಳಗಿಂದ ಸಣ್ಣಗೆ ಉತ್ತರ ಬಂತು: ಗುಂ. ಕಿಂಕಿಣ ಬೆದರಿ ಇನ್ನೂ ಜೋರಾಗಿ ನುಡಿಸಿದ. ಸೋವಲೆ ಅವಸರ ಮಾಡಲಿಲ್ಲ. ಬೆರಳಿಂದ ರಕ್ತ ಬಂದರೂ ಅದೇ ಸ್ವರ ಮೀಟಿದಳು, ಅದೇ ಜಾಗ ಬಿಟ್ಟಳು. ಒಳಗಿದ್ದ ಗುಡುಗು, ನಗಾರಿ, ಬೀಸುವ ಕಲ್ಲು ಎಲ್ಲ ಒಂದಾಗಿ ಓಗೊಟ್ಟವು. ಅರಗು ಬಿರಿಯಿತು, ಮುಚ್ಚಳ ಹಾರಿತು. ಗಾಜಿನ ವೀಣೆ ಪುಡಿಯಾಯಿತು. ಕಿಂಕಿಣ ಕುಗ್ಗಿ ಕುಗ್ಗಿ ಒಂದು ಕಿರುಗಂಟೆಯಾಗಿ ಉರುಳಿದ. ಆನೆ ಅದನ್ನೆತ್ತಿ ಕೊರಳಿಗೆ ಹಾಕಿಕೊಂಡಿತು.

ಮುಗಿಲಿಂದ ಎಮ್ಮೆಗಳು ಇಳಿದವು, ಬಣವೆಗಳು ಇಳಿದವು, ಜನ ಇಳಿದರು. ಬಾಚಲೆ ಬಯ್ಯುತ್ತಲೇ ಹಿತ್ತಲಿಗೆ ಇಳಿದಳು.

ರಾಜ ಚಿನ್ನದ ಆರು ತಂತಿಯ ಗಿಟಾರ್ ಮಾಡಿಸಿ, ಸಭೆಯ ಮುಂದಿನ ಪೀಠಕ್ಕೆ ಅವಳನ್ನು ಕರೆದ. ಸೋವಲೆ ಕೈಮುಗಿದು, "ಮಹಾಪ್ರಭು, ನನಗೆ ಹಿಂದಿನ ಸಾಲೇ ಸಾಕು. ನಾನಿನ್ನೂ ಕಲೀತಿದ್ದೀನಿ" ಎಂದಳು. ಕೆಲವರು ನಕ್ಕರು. ಅವಳೂ ನಕ್ಕಳು.

ಮಾರನೆಯ ಬೆಳಿಗ್ಗೆ ಬಾಚಲೆ ರಾಗಿ ಬೀಸುತ್ತಿದ್ದಳು. ಸೋವಲೆ ಜಗಲಿಯ ಮೇಲೆ ಗುಂ ಗುಂ ಎನ್ನಿಸುತ್ತಿದ್ದಳು.

"ಅದೇ ಸ್ವರಾನ ಎಷ್ಟು ಸಲ ಬಾರಿಸ್ತೀಯೇ?"

"ಎರಡನೇದು ಬರೋವರೆಗೂ."

ಬಾಚಲೆ ಬೀಸುವುದನ್ನು ನಿಲ್ಲಿಸಿ ಕಾಲು ಚಾಚಿ, ನೆಲಕ್ಕೆ ಬೆನ್ನು ಒತ್ತಿ ಮಲಗಿದಳು. "ಸರಿ, ಬಾರಿಸು" ಎಂದಳು. "ಬೆನ್ನಿಗೆ ಹಿತವಾಗಿದೆ."

ಹೆಬ್ಬಂಡೆಯ ಜನ ಅಲ್ಲಿ ಭಾರವಾಗಿ, ಸುಖವಾಗಿ ಬಾಳಿದರು. ನಾವೂ ಇಲ್ಲಿ ತೇಲಿಹೋಗದೆ ಕೂತಿದ್ದೇವೆ, ಅಂದಮೇಲೆ ಅವಳು ಇನ್ನೂ ನುಡಿಸುತ್ತಿದ್ದಾಳೆ.