ಒಡೆಯನ ಮಾತು ಕೇಳದ ಗಾಡಿ

ಗಂಡ ಸತ್ತು ಆರು ದಿನವಾಗಿದ್ದ ಹೆಣ್ಣುಮಗಳೊಬ್ಬಳು, ಅವನನ್ನು ಕೊಂದನೆಂದು ಊರೆಲ್ಲ ಬೆರಳು ತೋರಿಸುತ್ತಿದ್ದವನ ಪರವಾಗಿ ಮಾತಾಡಲು ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸು ಹಿಡಿದು ಬಂದಿದ್ದಳು.

ವಿದ್ಯಾಗಿರಿಯಲ್ಲಿ ನನ್ನ ಮೋಟಾರು ವೈಂಡಿಂಗ್ ಅಂಗಡಿಯ ಮಗ್ಗುಲಲ್ಲೇ ಗುರುಲಿಂಗವ್ವ ಬಾಯಾರ ಮನೆ. ಮೂವತ್ತೆರಡು ವರ್ಷ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತರಾದವರು. ಯಾರಿಂದಲೂ ಬಿಡಿಸಲಾಗದ ಗಂಟನ್ನು ಜನ ಅವರ ಬಳಿ ತರುತ್ತಿದ್ದರು. ಅಂಥ ಕೆಲಸಕ್ಕೆ ಹೊರಟಾಗಲೆಲ್ಲ, "ನವೀದ, ಪಾನಾ-ಪಕ್ಕಡ ತಗೊಂಡ ಬಾ," ಎಂದು ನನ್ನನ್ನು ಕರೆಯುವುದು ರೂಢಿಯಾಗಿತ್ತು.

"ನನ್ನ ಹೆಸರು ಪದ್ಮಶ್ರೀ ಅಂತರಿ," ಎಂದಳು ಬಂದವಳು. "ಇಳಕಲ್ಲದಾಗ ನಮ್ಮವು ಆರು ಮಗ್ಗ ಅದಾವ್ರಿ. ನಮ್ಮನಿಯವ್ರನ್ನ ಸಾಹಿಲ ಕೊಂದಾನ ಅಂತಾರ. ಸಾಹಿಲ ಕೊಂದಿಲ್ರಿ."

"ಹೆಂಗ ಹೇಳ್ತಿ?"

"ಕಲ್ಲು ಬಿದ್ದ ಕೂಡ್ಲೇ ಎಲ್ಲಾರೂ ಹಿಂದ ಸರದ್ರು. ಅಂವ ಒಬ್ಬನ ಓಡಿ ಬಂದ. ಬರಿಗೈಲೆ ಕಲ್ಲು ಎತ್ತಾಕ ಹೋಗಿ ಎರಡು ಬೆರಳು ಮುರಕೊಂಡ. ಕೊಂದಾಂವ ಹಂಗ ಮಾಡ್ತಾನೇನ್ರಿ?"

"ಮಾಡಬಹುದು," ಎಂದರು ಬಾಯಾರು ಮೆಲ್ಲಗೆ. "ಕೂಡು. ಮದಲಿನಿಂದ ಹೇಳು."

ಅವಳು ಹೇಳಿದ್ದಿಷ್ಟು. ಇಳಕಲ್ಲಿನ ಹೊರಗಿನ ಒಂದು ಪಾಳು ಕಲ್ಲುಗಣಿಯಲ್ಲಿ ಪ್ರತಿ ಭಾನುವಾರ ನಾಲ್ಕು ಜನ ಸೇರುತ್ತಿದ್ದರು. ರಿಮೋಟಿನಿಂದ ಓಡುವ ಟ್ರಕ್ಕುಗಳ ಹುಚ್ಚು ಅವರಿಗೆ. ಗ್ರಾನೈಟ್ ಪಾಲಿಶ್ ಮಾಡುವ ಸಾಹಿಲ, ಗಣಿಯ ಪಕ್ಕದ ಹೊಲದ ಹುಚ್ಚೇಶ, ಆ ಟ್ರಕ್ಕುಗಳನ್ನೇ ಮಾರುವ ಅಂಗಡಿಯ ಶಂಭು, ಮತ್ತು ಪದ್ಮಶ್ರೀಯ ಗಂಡ ನಾಗಲಿಂಗ. ಟ್ರಕ್ಕುಗಳು ಒಂದೊಂದಾಗಿ ಮೇಲಿನ ಕಲ್ಲುಕಟ್ಟೆಯಿಂದ ಹೊರಟು ಇಳಿಜಾರಿನಲ್ಲಿ ಕೆಳಗೆ ಬರಬೇಕು. ನಾಗಲಿಂಗ ಕಟ್ಟೆಯ ಬುಡದ ನೆರಳಿನಲ್ಲಿ ಸ್ಟೂಲ್ ಹಾಕಿಕೊಂಡು ಗಡಿಯಾರ ಹಿಡಿಯುತ್ತಿದ್ದ. ಅವನ ತಲೆಯ ಮೇಲೆ, ಕಟ್ಟೆಯ ಅಂಚಿನಲ್ಲಿ, ಗಣಿ ನಿಂತಾಗ ಬಿಟ್ಟುಹೋದ ಕೆಂಪು ಗ್ರಾನೈಟಿನ ಹಲಗೆಯೊಂದು ಓರೆಯಾಗಿ ನಿಂತಿತ್ತು. ಒಂದು ಮರದ ಆನಿಕೆ ಅದನ್ನು ತಡೆದಿತ್ತು. ವರ್ಷಗಳಿಂದ ಹಾಗೇ ಇದ್ದುದರಿಂದ ಯಾರಿಗೂ ಅದರ ಭಯವಿರಲಿಲ್ಲ.

ಆ ಭಾನುವಾರ ಹುಚ್ಚೇಶನ ಟ್ರಕ್ ಇಳಿಯುತ್ತಿತ್ತು. ಓಡಿಸುವವರೂ, ನೋಡಲು ಹೋಗಿದ್ದ ಪದ್ಮಶ್ರೀಯೂ ಕೆಳಗೆ ನಿಂತಿದ್ದರು. ಎಲ್ಲರ ಕಣ್ಣೂ ಅದರ ಮೇಲೆ. ಮೇಲೆ ಸರದಿಗೆ ಇಟ್ಟಿದ್ದ ಸಾಹಿಲನ ದೊಡ್ಡ ಟ್ರಕ್ ಇದ್ದಕ್ಕಿದ್ದಂತೆ ಹೊರಟಿತು. ಅದರ ಹಿಂದಿನ ಕೊಂಡಿಗೂ ಆನಿಕೆಯ ಬುಡಕ್ಕೂ ಯಾರೋ ನೈಲಾನ್ ಹುರಿ ಕಟ್ಟಿದ್ದರು. ಆನಿಕೆ ಜಾರಿತು. ಹಲಗೆ ಬಿತ್ತು. ಟ್ರಕ್ಕೂ ಅದರೊಡನೆ ಬಿತ್ತು.

"ಸಾಹಿಲ ಆವಾಗ ರಿಮೋಟ್ ಒತ್ತಾಕತ್ತಿದ್ದ. ಅದನ್ನ ನಾನೂ ನೋಡೇನ್ರಿ," ಎಂದಳು ಪದ್ಮಶ್ರೀ. "ಗಾಡಿ ತಾನ ಓಡ್ತು, ನಿಲ್ಲಸಾಕ ಒತ್ತಿದೆ, ನನ್ನ ಮಾತು ಕೇಳಲಿಲ್ಲ ಅಂತಾನ. ಯಾರೂ ನಂಬವಲ್ರು. ಹಿಂದಿನ ವಾರ ಆಟದಾಗ ನಮ್ಮನಿಯವ್ರ ಕೂಡ ಜಗಳಾಡಿದ್ದ."

"ಶಂಭು ಎಲ್ಲಿದ್ದ?"

"ನಮ್ಮ ಮಗ್ಗಲ್ದಾಗ. ಅವತ್ತ ಸಣ್ಣ ಗಾಡಿ ತಂದಿದ್ದ. ಅದು ಕೆಳಗ ಕಲ್ಲಾಗ ಎಲ್ಲೋ ಸಿಕ್ಕಿತ್ತು. ಬಿಡಸಾಕ ರಿಮೋಟ್ ಒತ್ತಕೋತ ನಿಂತಿದ್ದ."

"ಬೆಳಿಗ್ಗೆ ಕಟ್ಟಿ ಮ್ಯಾಲೆ ಯಾರ್‍ಯಾರು ಹತ್ತಿದ್ರು?"

"ಸಾಹಿಲ ಗಾಡಿ ಇಡಾಕ. ಹುಚ್ಚೇಶಣ್ಣ ನೀರಿನ ಕೊಡ ಇಡಾಕ. ಶಂಭು ಅಣ್ಣ ಬ್ಯಾಟರಿ ನೋಡಾಕ. ಅಂವ ಪ್ರತಿ ಸಲಾನೂ ಎಲ್ಲಾರವೂ ನೋಡ್ತಾನ."

ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಇನ್ನೊಂದ್ರಿ. ಸಾಯೂ ಮದಲ ಅವ್ರು ಅಮೀನಗಡಕ್ಕ ಹೋಗಿ ಬಂದ್ರು. ಏನೋ ತಂದು ಹಿತ್ತಲದಾಗ ಉಸುಕಿನ ಡಬ್ಬಿಯೊಳಗ ಹೂತಿಟ್ರು. ಯಾರೂ ಮುಟ್ಟಬ್ಯಾಡ್ರಿ ಅಂದ್ರು. ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ."

ಮರುದಿನ ಬೆಳಿಗ್ಗೆ ನಾವು ಇಳಕಲ್ಲಿನಲ್ಲಿದ್ದೆವು. ತನಿಖೆ ಮಾಡುತ್ತಿದ್ದ ಪಿಎಸ್ಐ ಸುಶ್ಮಿತಾ ನಮ್ಮ ಬಾಯಾರ ಹಳೆಯ ವಿದ್ಯಾರ್ಥಿನಿ. ಸಾಹಿಲನ ಟ್ರಕ್ಕನ್ನು ಮೇಜಿನ ಮೇಲೆ ತಂದಿಟ್ಟಳು. ಮೂರು ವರ್ಷದ ಮಗುವಿನಷ್ಟು ಉದ್ದ. ಮುಂದಿನ ಅಚ್ಚು ಬಾಗಿತ್ತು, ಮೈ ಬಿರಿದಿತ್ತು, ಬ್ಯಾಟರಿ ಚಪ್ಪಟೆಯಾಗಿತ್ತು.

"ಪೂರಾ ಸತ್ತೈತ್ರಿ ಬಾಯಾರ. ಹೊಸ ಬ್ಯಾಟರಿ ಹಾಕಿ ಸಾಹಿಲನ ರಿಮೋಟ್ ಒತ್ತಿ ನೋಡಿದ್ವಿ. ಅಲಗಾಡಲಿಲ್ಲ. ಬಿದ್ದು ಕೆಟ್ಟೈತಿ ಅಂತ ಎಲ್ಲಾರಿಗೂ ಹೇಳಿವಿ."

"ನವೀದ, ನೀ ಒಂದ್ಸಲ ನೋಡು," ಎಂದರು ಬಾಯಾರು.

ನಾನು ಮೈ ಬಿಚ್ಚಿ ಬ್ಯಾಟರಿ ಜೋಡಿಸಿದೆ. ರಿಮೋಟಿನ ಸಂಕೇತ ಹಿಡಿಯುವ ಪುಟ್ಟ ಪೆಟ್ಟಿಗೆ ಒಳಗೆ ಹಾಗೇ ಇತ್ತು. ಅದರ ಕೆಂಪು ದೀಪ ಮಿನುಗತೊಡಗಿತು. ಆರುತ್ತಿತ್ತು, ಹೊತ್ತುತ್ತಿತ್ತು.

"ಇದು ಕೆಟ್ಟಿಲ್ರಿ," ಎಂದೆ. "ಕೆಟ್ರ ದೀಪ ಹತ್ತಂಗಿಲ್ಲ. ಇದು ತನ್ನ ರಿಮೋಟ್ ಹುಡುಕಾಕತ್ತೈತಿ."

"ರಿಮೋಟ್ ಇಲ್ಲೇ ಐತಲ್ಲ," ಎಂದಳು ಸುಶ್ಮಿತಾ.

ಬಾಯಾರು ಬಾಗಿ ಬ್ಯಾಟರಿಯ ತಂತಿ ಬಿಡಿಸಿದರು. "ಕೆಟ್ಟಿಲ್ಲ ಅನ್ನೂದು ಯಾರಿಗೂ ಗೊತ್ತಾಗೂದು ಬ್ಯಾಡ," ಎಂದರು.

ಗಣಿಗೂ ಹೋಗಿ ಬಂದೆವು. ಇಳಿಜಾರಿನ ತುಂಬ ಮೊಣಕಾಲೆತ್ತರದ ಒಡಕಲ್ಲುಗಳು. ಹಲಗೆ ಬಿದ್ದ ಜಾಗದಲ್ಲಿ ಒಣಗಿದ ಕಲೆ. ಗಾಳಿಯಿರಲಿಲ್ಲ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಹೊಲದ ಬದುವಿನಲ್ಲಿ ನಿಂತಿದ್ದ ಹುಚ್ಚೇಶ ನಮ್ಮನ್ನು ಕಂಡು ಕೂಗಿದ: "ನಾ ಮದ್ಲ ಹೇಳಿದ್ದೆ, ಇಲ್ಲಿ ಆಡಬ್ಯಾಡ್ರಿ ಅಂತ. ನಾಗಲಿಂಗ ಕೇಳಲಿಲ್ಲ." ಅವನ ದನಿಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಅಲ್ಲಿಂದ ಶಂಭುವಿನ ಅಂಗಡಿ. ನಲವತ್ತರ ಆಸುಪಾಸಿನ ನಗುಮೊಗದ ಮನುಷ್ಯ. ನಾಗಲಿಂಗನ ಹೆಸರೆತ್ತಿದಾಗ ಕಣ್ಣೊರೆಸಿಕೊಂಡ. ಬಾಯಾರು ಗಿರಾಕಿಯಂತೆ ಕುರ್ಚಿ ಎಳೆದುಕೊಂಡು ಕೂತರು.

"ಬಾದಾಮಿಯಾಗ ನಮ್ಮ ತಂಗಿ ಮೊಮ್ಮಗಳು ಅದಾಳಪಾ. ಆಕಿಗೆ ಗಾಡಿ ಬೇಕಂತ. ಸಣ್ಣದು ತಗೊಳ್ಳೋ, ದೊಡ್ಡದು ತಗೊಳ್ಳೋ ತಿಳಿವಲ್ದು."

ಶಂಭು ಅಂಗೈಯಗಲದ ಟ್ರಕ್ಕೊಂದನ್ನು ಗಾಜಿನ ಮೇಲಿಟ್ಟ. "ಎಲ್ಲಿ ಓಡಸ್ತಾಳ ಅನ್ನೂದರ ಮ್ಯಾಲೈತ್ರಿ. ಪಡಸಾಲ್ಯಾಗ ಅಂದ್ರ ಸಣ್ಣದ ಛಲೋ. ಯಾರಿಗೂ ಪೆಟ್ಟಾಗಂಗಿಲ್ಲ, ಕೆಟ್ರ ರಿಪೇರಿ ಸರಳ. ಆದ್ರ ಲಿಂಬಿಕಾಯಿಯಷ್ಟು ಹರಳು ಅಡ್ಡ ಬಂದ್ರೂ ಮಗುಚಿ ಬೀಳತೈತಿ." ಆಮೇಲೆ ನೆಲದ ಮೇಲಿದ್ದ ದೊಡ್ಡದನ್ನು ತೋರಿಸಿದ. "ಇದು ಹನ್ನೊಂದು ಕೆ.ಜಿ. ಕಲ್ಲು, ಕೆಸರು ಯಾವುದಕ್ಕೂ ಹೆದರಂಗಿಲ್ಲ. ತುಂಬಿದ ಚೀಲ ಎಳೀತೈತಿ. ಆದ್ರ ಬಯಲು ಬೇಕು, ಓಡಸಾಂವಗ ಎಚ್ಚರ ಬೇಕು. ಕಾಲಿಗೆ ಬಡದ್ರ ಎಲುಬು ಮುರೀತೈತಿ."

"ಗಣಿಯಂಥಾ ಜಾಗಾದಾಗ ಸಣ್ಣದು ನಡಿಯಂಗಿಲ್ಲೇನು?"

"ಅಲ್ಲಿಗೆ ಸಣ್ಣದು ತಂದಾಂವ ಗಾಡಿ ಓಡಸಂಗಿಲ್ರಿ, ಗಾಡಿ ಹುಡುಕ್ತಾನ," ಎಂದು ನಕ್ಕ ಶಂಭು.

"ನೀ ಅವತ್ತ ಸಣ್ಣದ ಒಯ್ದಿದ್ದಿಯಂತಲ್ಲ."

ನಗು ಒಂದು ಕ್ಷಣ ನಿಂತಿತು. "ನನ್ನ ದೊಡ್ಡ ಗಾಡಿ ಮೋಟಾರು ಶನಿವಾರ ಸುಟ್ಟಿತ್ರಿ. ಅಲ್ಲೇ ಮೂಲ್ಯಾಗ ಐತಿ, ಇನ್ನೂ ಬಿಚ್ಚಿಲ್ಲ."

ನಾನು ಮೂಲೆಗೆ ಹೋಗಿ ಅದರ ಮೇಲೆ ಬಾಗಿದೆ. ರಬ್ಬರಿನ ವಾಸನೆ, ಎಣ್ಣೆಯ ವಾಸನೆ. ಅಷ್ಟೇ.

ನಾಗಲಿಂಗನಿಗೆ ಅಮೀನಗಡದಲ್ಲಿ ಯಾರ ಪರಿಚಯವಿತ್ತೆಂದು ಪದ್ಮಶ್ರೀಯನ್ನು ಕೇಳಿಕೊಂಡು, ವಾಪಸು ಬರುವಾಗ ಅಲ್ಲಿ ಇಳಿದೆವು. ಕರದಂಟಿನ ಅಂಗಡಿಯಲ್ಲಿ ಡಬ್ಬಿ ತುಂಬುವ ಜೈನಬಿ ಹಿಂದೆ ನಾಗಲಿಂಗನ ಮಗ್ಗದ ಮನೆಯಲ್ಲಿ ಕೆಲಸ ಮಾಡಿದವಳು. ಅವಳ ಮೊಮ್ಮಗಳಿಗೆ ನಾಗಲಿಂಗ ಪ್ರೀತಿಯಿಂದ ಒಂದು ಟ್ರಕ್ ಕೊಡಿಸಿದ್ದ. ಚಾರ್ಜಿಗೆ ಹಾಕಿದ್ದ ಬ್ಯಾಟರಿ ಸಿಡಿದು ಮಗುವಿನ ಎರಡೂ ಕೈ ಸುಟ್ಟಿದ್ದವು.

"ದವಾಖಾನಿಗೆ ಬಂದು ಕೂಸಿನ ಮುಂದ ಅತ್ರು ನಮ್ಮ ಮಾಲಕ್ರು," ಎಂದಳು ಜೈನಬಿ. "ಉಳಿದ ಇನ್ನೊಂದು ಬ್ಯಾಟರಿ ತಗೊಂಡು ಹ್ವಾದ್ರು. ಇದನ್ನ ಹಿಂಗ ಬಿಡಂಗಿಲ್ಲ ಅಂದ್ರು."

ಸೋಮವಾರ ಮಧ್ಯಾಹ್ನ ನಾಗಲಿಂಗನ ಮಗ್ಗದ ಮನೆಯಲ್ಲಿ ಎಲ್ಲರೂ ಸೇರಿದೆವು. ಆರು ಮಗ್ಗಗಳೂ ನಿಂತಿದ್ದವು. ಒಂದರ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಪದ್ಮಶ್ರೀ ಗೋಡೆಗೊರಗಿ ಕೂತಿದ್ದಳು. ಬೆರಳಿಗೆ ಪಟ್ಟಿ ಕಟ್ಟಿದ್ದ ಸಾಹಿಲ ತಲೆ ಎತ್ತಲಿಲ್ಲ. ಹುಚ್ಚೇಶ, ಶಂಭು ಇಬ್ಬರಿಗೂ ರಿಮೋಟ್ ತರಲು ಸುಶ್ಮಿತಾ ಹೇಳಿ ಕಳಿಸಿದ್ದಳು. ನಡುವೆ ಸ್ಟೂಲಿನ ಮೇಲೆ ಬಟ್ಟೆ ಮುಚ್ಚಿದ ವಸ್ತು.

"ನಾಗಲಿಂಗನ್ನ ಕೊಂದಿದ್ದು ಸಣ್ಣ ಗಾಡಿಯೋ, ದೊಡ್ಡ ಗಾಡಿಯೋ?" ಎಂದು ಬಾಯಾರು ಪಾಠ ಶುರು ಮಾಡಿದಂತೆ ಕೇಳಿದರು. "ಆನಿಕಿ ಎಳದಿದ್ದು ದೊಡ್ಡದು. ಸಣ್ಣದಕ್ಕ ಆ ತಾಕತ್ತಿಲ್ಲ. ಅದಕ್ಕ ಎಲ್ಲಾರೂ ದೊಡ್ಡದರ ಮಾಲಕನ್ನ ಹಿಡದ್ರಿ. ನಾ ಸಣ್ಣದರ ಬಗ್ಗೆ ವಿಚಾರ ಮಾಡಿದೆ. ಗಣಿಯಾಗ ಸಣ್ಣ ಗಾಡಿ ಓಡಂಗಿಲ್ಲ. ಅದನ್ನ ಎಲ್ಲಾರಿಗಿಂತ ಚೆಂದ ಬಲ್ಲಾಂವ ಶಂಭು. ಅಂವ ಅವತ್ತ ಸಣ್ಣದ ಯಾಕ ತಂದ?"

"ಹೇಳಿದ್ನಲ್ರಿ, ಮೋಟಾರು ಸುಟ್ಟಿತ್ತು," ಎಂದ ಶಂಭು.

"ನವೀದ?"

"ಸುಟ್ಟ ಮೋಟಾರಿನ ವಾರ್ನಿಷ್ ವಾಸನೆ ತಿಂಗಳಗಟ್ಟಲೆ ಹೋಗಂಗಿಲ್ರಿ," ಎಂದೆ ನಾನು. "ಇಪ್ಪತ್ತು ವರ್ಷದಿಂದ ಅದನ್ನ ಮೂಸಕೋತ ಬಂದೇನಿ. ಆ ಮೋಟಾರು ಸುಟ್ಟಿಲ್ಲ."

"ದೊಡ್ಡ ಗಾಡಿ ತಂದಿದ್ರ ಅದು ಓಡತೈತೋ ನಿಂತೈತೋ ಎಲ್ಲಾರಿಗೂ ಕಾಣ್ತಿತ್ತು," ಬಾಯಾರು ಮುಂದುವರಿಸಿದರು. "ಸಣ್ಣದು ಕಲ್ಲಿನ ಸಂದ್ಯಾಗ ಸಿಕ್ರ ಯಾರು ನೋಡ್ತಾರ? ಕೈಯಾಗ ರಿಮೋಟ್ ಹಿಡದು ಒತ್ತಕೋತ ನಿಲ್ಲಾಕ ಶಂಭುಗ ಒಂದು ನೆಪ ಬೇಕಾಗಿತ್ತು. ಆ ನೆಪನ ಸಣ್ಣ ಗಾಡಿ."

"ಸಾಹಿಲ ಒತ್ತಿದ್ದನ್ನ ಎಲ್ಲಾರೂ ನೋಡ್ಯಾರ," ಎಂದ ಶಂಭು.

"ಖರೆ. ಒತ್ತಿದ. ಗಾಡಿ ಕೇಳಲಿಲ್ಲ. ಅದು ಬಿದ್ದು ಕೆಟ್ಟಿದ್ದಲ್ಲ, ಬೀಳೂ ಮದಲ ಅವನ ಕೈ ತಪ್ಪಿತ್ತು. ಒಂದು ರಿಮೋಟ್ ನಾಕಾರು ಗಾಡಿ ನೆನಪಿಟ್ಟಕೊಳ್ತೈತಿ. ಆದ್ರ ಗಾಡಿ ಒಂದು ಸಲಕ್ಕ ಒಂದ ರಿಮೋಟಿನ ಮಾತು ಕೇಳ್ತೈತಿ. ಹೊಸ ರಿಮೋಟಿಗೆ ಜೋಡಿ ಮಾಡಿದ್ರ ಹಳೇದನ್ನ ಮರೀತೈತಿ. ಬೆಳಿಗ್ಗೆ ಬ್ಯಾಟರಿ ನೋಡೂ ನೆವದಾಗ ಆ ಗಾಡಿ ಮೈ ಬಿಚ್ಚಿದಾಂವ ಒಬ್ಬನ. ಹುರಿ ಕಟ್ಟಾಕೂ ಅಷ್ಟ ಹೊತ್ತು ಸಾಕು."

ಬಾಯಾರು ಬಟ್ಟೆ ಸರಿಸಿದರು. ಬಿರಿದ ಮೈಯೊಳಗೆ ಕೆಂಪು ದೀಪ ಮಿನುಗುತ್ತಿತ್ತು. ಶಂಭು ಒಂದು ಹೆಜ್ಜೆ ಹಿಂದಿಟ್ಟ. ಅಲ್ಲಿ ಸುಶ್ಮಿತಾ ನಿಂತಿದ್ದಳು.

ನಾನು ಮೊದಲು ಸಾಹಿಲನ ರಿಮೋಟ್ ಒತ್ತಿದೆ. ಏನೂ ಆಗಲಿಲ್ಲ. ಹುಚ್ಚೇಶನದು ಉದ್ದ ಆಂಟೆನಾದ ಹಳೆಯ ಕಾಲದ್ದು. ಅದು ಈ ಟ್ರಕ್ಕಿಗೆ ಜೋಡಿಯೇ ಆಗುವಂಥದ್ದಲ್ಲ. ಆಮೇಲೆ ಶಂಭುವಿನ ಕೈಯಿಂದ ಅವನದನ್ನು ತೆಗೆದುಕೊಂಡೆ. ಅದರ ಪುಟ್ಟ ಪರದೆಯಲ್ಲಿ ಮೂರು ಗಾಡಿಗಳ ನೆನಪಿತ್ತು. ಮೊದಲನೆಯದು ಅವನ ದೊಡ್ಡದು, ಎರಡನೆಯದು ಸಣ್ಣದು. ಮೂರನೆಯದಕ್ಕೆ ಹೆಸರಿರಲಿಲ್ಲ. ಅದನ್ನು ಆರಿಸಿದೆ.

ಮಿನುಗುತ್ತಿದ್ದ ದೀಪ ಸ್ಥಿರವಾಯಿತು. ನಾನು ರಿಮೋಟಿನ ಚಕ್ರ ತಿರುವಿದೆ. ಸ್ಟೂಲಿನ ಮೇಲಿದ್ದ ಮುರಿದ ಟ್ರಕ್ಕಿನ ಮುಂದಿನ ಗಾಲಿಗಳು ಕಿರುಗುಟ್ಟುತ್ತ ಎಡಕ್ಕೆ ಹೊರಳಿದವು, ಆಮೇಲೆ ಬಲಕ್ಕೆ. ಸಾಹಿಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಗಾಡಿ ಸತ್ತೈತಿ ಅಂತ ನಂಬಿ ಅದನ್ನ ಅಳಸಾಕ ಹೋಗಲಿಲ್ಲ ನೀ," ಎಂದರು ಬಾಯಾರು. "ಯಾಕ ಕೊಂದಿ ಅನ್ನೂದು ಹಿತ್ತಲದ ಡಬ್ಬಿಯೊಳಗಿತ್ತು. ಇವತ್ತ ನವೀದ ಅದನ್ನ ಬಿಚ್ಚಿ ನೋಡಿದ. ಮ್ಯಾಲಿನ ಹೊದಿಕಿ ಹೊಸಾದು, ಒಳಗಿನ ಬ್ಯಾಟರಿ ಉಬ್ಬಿದ ಹಳೇದು. ಅಂಥಾವನ್ನ ಹೊಸಾವು ಅಂತ ಮಾರಿದಿ. ಒಂದು ಕೂಸಿನ ಕೈ ಸುಟ್ಟುವು. ನಾಗಲಿಂಗ ಅದನ್ನ ಕಂಡುಹಿಡದ."

ಶಂಭು ನೆಲಕ್ಕೆ ಕುಸಿದು ಕೂತ. "ಸೋಮವಾರ ಪೊಲೀಸರಿಗೆ ಹೇಳ್ತೇನಿ ಅಂದಿದ್ದ," ಎಂದ ಕಡೆಗೆ.

"ಹೇಳ್ತೇನಿ ಅಂದಿರಲಿಲ್ಲ," ಎಂದಳು ಪದ್ಮಶ್ರೀ ಕೂತಲ್ಲಿಂದಲೇ. "ನೀನ ಹೋಗಿ ಹೇಳಬೇಕು ಅಂತ ಸೋಮವಾರದ ತನಕ ಬಿಟ್ಟಿದ್ರು. ಶನಿವಾರ ರಾತ್ರಿ ಊಟಕ್ಕ ಕುಂತಾಗ, ದೋಸ್ತ ಒಬ್ಬಾಂವ ತಪ್ಪು ಮಾಡ್ಯಾನ, ಸೋಮವಾರದೊಳಗ ತಾನ ಒಪ್ಪಿಕೊಂಡ್ರ ಅವನ ಮರ್ಯಾದಿ ಉಳೀತೈತಿ ಅಂದ್ರು. ಯಾರು ಅಂತ ಕೇಳಿದೆ. ನಿನ್ನ ಹೆಸರು ನನಗೂ ಹೇಳಲಿಲ್ಲ."

ಶಂಭು ಅವಳ ಕಡೆ ನೋಡಿದ. ಸುಶ್ಮಿತಾ ಅವನ ತೋಳು ಹಿಡಿದು ಎಬ್ಬಿಸಿದಳು. ಬಾಯಾರು ಅವನನ್ನು ಬಾಗಿಲಲ್ಲಿ ತಡೆದು ಒಂದೇ ಪ್ರಶ್ನೆ ಕೇಳಿದರು: "ಅಂಥಾ ಬ್ಯಾಟರಿ ಎಷ್ಟು ಮನಿಯಾಗ ಅದಾವ?"

ಇಪ್ಪತ್ತಮೂರು ಮನೆಗಳು. ಅವನ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಅಂದು ಸಂಜೆಯೇ ಕರೆ ಹೋಯಿತು. ಇಪ್ಪತ್ತೆರಡು ಕಡೆಯಿಂದ ಉತ್ತರ ಬಂತು. ಕುಳಗೇರಿ ಕ್ರಾಸಿನ ಒಂದು ಮನೆಯವರು ಮಾತ್ರ ಫೋನ್ ಎತ್ತಲಿಲ್ಲ. ಮರುದಿನ ನಾನೂ ಬಾಯಾರೂ ಬೆಳಿಗ್ಗೆಯೇ ಜೀಪು ಮಾಡಿಕೊಂಡು ಹೊರಟೆವು. ಮನೆ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಇಬ್ಬರು ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಅವರ ತಲೆಯ ಹತ್ತಿರ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಬ್ಯಾಟರಿ ಉಬ್ಬಿ ದಿಂಬಿನಂತಾಗಿತ್ತು.

ನಾನು ಪ್ಲಗ್ ಕಿತ್ತು, ಒಲೆಯ ಇಕ್ಕಳದಲ್ಲಿ ಅದನ್ನು ಹಿಡಿದು ಬಯಲಿಗೆ ಓಡಿದೆ. ಎಸೆದು ಹತ್ತು ಹೆಜ್ಜೆ ಬಂದಿದ್ದೆನೋ ಇಲ್ಲವೋ, ಹಿಂದೆ ಬುಸ್ಸೆಂದು ಬೆಂಕಿ ಎದ್ದಿತು. ಆಳೆತ್ತರದ ಬಿಳಿ ಹೊಗೆ.

ಸದ್ದಿಗೆ ಮಕ್ಕಳು ಏಳಲಿಲ್ಲ. ಒಳಗಿನಿಂದ ಬಂದ ತಾಯಿ ಏನೂ ತಿಳಿಯದೆ ನಮ್ಮಿಬ್ಬರ ಮುಖ ನೋಡಿದಳು. ಬಾಯಾರು ಹೊಸ್ತಿಲ ಮೇಲೆ ಕೂತುಬಿಟ್ಟರು.

"ಗಾಡಿ ಕೆಟ್ಟೈತೇನ್ರಿ?" ಎಂದಳು ಆ ತಾಯಿ.

"ಗಾಡಿ ಛಲೋನ ಐತವ್ವಾ," ಎಂದರು ಬಾಯಾರು. "ಒಂದ್ ವಾಟೆ ನೀರು ಕೊಡು. ಹೇಳ್ತೇನಿ."