ಗೋಡೆಗೆ ಮುಖ ಮಾಡಿ ಹೇಳಿದ್ದು

"ಅಯ್ಯೋ! ಮೇಲಿರೋದು ಮನುಷ್ಯರಾ, ಪಾರಿವಾಳಾನಾ?"

ಬೆಟ್ಟದ ಮೇಲಿನ ಕೋಟೆಯ ಸಭಾಂಗಣದಲ್ಲಿ, ಪ್ರವಾಸಿಗರ ಎದುರಿಗೇ, ಗೈಡ್ ಹೆಗಲ ಮೇಲೆ ಒಂದು ಮುದ್ದೆ ಹಸಿ ಗಾರೆ ಬಿದ್ದಿತ್ತು. ಅದೂ ಎಂಥಾ ಗಳಿಗೆಯಲ್ಲಿ! "ಇಷ್ಟು ತಲೆಮಾರು ಕಳೆದರೂ ಈ ಕೋಟೆಯ ಒಂದು ಕಲ್ಲೂ ಉದುರಿಲ್ಲ" ಎಂದು ಅವಳು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ.

ಗಾರೆ ಮೆತ್ತಲು ಗೋಡೆಗೆ ಕಟ್ಟಿದ್ದ ಸಾರವೆಯ ಹಲಗೆಯಿಂದ ಒಂದು ಮುಖ ಬಗ್ಗಿ ನೋಡಿತು. ಹುಬ್ಬು, ಮೀಸೆ, ತಲೆ, ಎಲ್ಲಾ ಸುಣ್ಣ.

"ಕಲ್ಲಲ್ಲ ಮೇಡಂ, ಬರೀ ಗಾರೆ. ನೀವು ಹೇಳಿದ್ದು ಸುಳ್ಳಾಗಿಲ್ಲ."

ಗುಂಪು ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. ಕರವಸ್ತ್ರ ತೆಗೆದು ಉಜ್ಜತೊಡಗಿದಳು.

"ಉಜ್ಜಬೇಡಿ! ಒಣಗಲಿ, ಆಮೇಲೆ ತಟ್ಟಿದ್ರೆ ತಾನೇ ಉದುರುತ್ತೆ."

"ನಿಮ್ಮ ಉಪದೇಶ ನಿಮ್ಮ ಗೋಡೆಗೆ ಹೇಳ್ಕೊಳ್ಳಿ!"

ಉಜ್ಜಿದಷ್ಟೂ ಕಲೆ ಹರಡಿತು. ಅವನು ಹೇಳಿದ್ದೇ ಸರಿ ಅಂತ ಗೊತ್ತಾದ ಮೇಲೆ ಅವಳಿಗೆ ಇನ್ನೂ ಸಿಟ್ಟು ಬಂತು.

ಆ ಸಭಾಂಗಣ ಒಂದು ಸೋಜಿಗಕ್ಕೆ ಹೆಸರಾಗಿತ್ತು. ಅಲ್ಲಿ ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ, ಮಾತು ಕಮಾನಿನ ಮೇಲೇರಿ ಎದುರು ಮೂಲೆಯಲ್ಲಿ ಇಳಿಯುತ್ತಿತ್ತು. ನಡುವೆ ನಿಂತವರಿಗೆ ಏನೂ ಕೇಳಿಸದು. ಮಾತಾಡುವವರು ಗೋಡೆಗೆ ಬೆನ್ನು ಹಾಕಿದರೆ ಎದುರಿನವರಿಗೂ ಕೇಳಿಸದು.

ಪ್ರತಿ ಗುಂಪಿನಿಂದ ಒಬ್ಬರು ಆ ಮೂಲೆಗೆ ಹೋಗಿ ಏನಾದರೂ ಪಿಸುಗುಟ್ಟಬೇಕು. ಅವಳು ಈ ಮೂಲೆಯಲ್ಲಿ ಕೇಳಿಸಿಕೊಂಡು ಎಲ್ಲರಿಗೂ ಗಟ್ಟಿಯಾಗಿ ಹೇಳಬೇಕು. ಅದು ಅಲ್ಲಿನ ಪದ್ಧತಿ. ಹೋಗುವವರು ಹೆಚ್ಚಾಗಿ ಹೊಸ ಜೋಡಿಗಳು. ಹೇಳುವುದೂ ಹೆಚ್ಚಾಗಿ ಒಂದೇ ಮಾತು.

'ನಿನ್ನ ಬಿಟ್ಟು ಬದುಕಲ್ಲ' ಅನ್ನುವುದನ್ನು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಅದೇ ಮೂಲೆಯಲ್ಲಿ ಒಬ್ಬ ಅವಳಿಗೂ ಹಾಗೆ ಹೇಳಿದ್ದ. ಮದುವೆಯೂ ಆಯಿತು, ಮಗಳೂ ಹುಟ್ಟಿದಳು. ಈಗ ಅವನು ಬೇರೆ ಊರಿನಲ್ಲಿ ಬೇರೆ ಸಂಸಾರದ ಜೊತೆ ಚೆನ್ನಾಗಿಯೇ ಬದುಕಿದ್ದ.

ಬೆಳಗ್ಗೆ ಮಗಳ ಜಡೆ ಹೆಣೆದು, ಡಬ್ಬಿ ಕಟ್ಟಿ, ಕೆಳಗೆ ಊರ ಸುತ್ತಿನ ಗೋಡೆಯ ಪಕ್ಕದ ಶಾಲೆಗೆ ಬಿಟ್ಟು, ಏದುಸಿರು ಬಿಡುತ್ತಾ ಬೆಟ್ಟ ಹತ್ತುವ ಹೆಂಗಸಿಗೆ ಪ್ರೀತಿ ಗೀತಿ ಯೋಚಿಸಲು ಪುರುಸೊತ್ತೂ ಇರಲಿಲ್ಲ.

ಆದರೆ ಗಾರೆಯವನು ಮಾರನೆಯ ದಿನ ಸಾರವೆಯ ಕೆಳಗೆ ಒಂದು ಗೋಣಿತಾಟು ಕಟ್ಟಿದ್ದ.

"ಇದ್ಯಾಕೆ?" ಎಂದಳು.

"ಪಾರಿವಾಳಕ್ಕೆ ನಾಚಿಕೆ ಆಯ್ತಂತೆ."

ಅವಳಿಗೆ ನಗು ತಡೆಯಲಾಗಲಿಲ್ಲ!

ಅಲ್ಲಿಂದ ಮಧ್ಯಾಹ್ನದ ಊಟ ಬುರುಜಿನ ಕಿಟಕಿಕಟ್ಟೆಯ ಮೇಲೆ ಜೊತೆಯಲ್ಲೇ ಆಗತೊಡಗಿತು. ಕೆಳಗೆ ಊರಗೋಡೆಯೊಳಗೆ ಹೆಂಚಿನ ಮಾಡುಗಳು ಒಂದರ ಹೆಗಲಿಗೆ ಒಂದು ಒರಗಿ ಕೂತಿರುತ್ತಿದ್ದವು. ಮಾತು ಕಮ್ಮಿ. ಅವನು ಅವಳ ಹಿಂದಿನ ಕತೆ ಕೇಳಲಿಲ್ಲ. ಅದೇ ಅವಳಿಗೆ ಹಿಡಿಸಿದ್ದು.

ಶಾಲೆಗೆ ರಜೆಯಿದ್ದ ಒಂದು ದಿನ ಮಗಳೂ ಜೊತೆಗೆ ಬಂದಳು. ಬಾಗಿಲ ಹಿಂದಿನ ಹಸಿ ಗಾರೆಯ ಮೇಲೆ ಅವನು ಅವಳ ಪುಟ್ಟ ಅಂಗೈ ಒತ್ತಿಸಿದ.

"ಸುಣ್ಣದ ಮಾಮಾ, ಇದು ಹೀಗೇ ಇರುತ್ತಾ?"

"ಮೇಲೆ ಇನ್ನೊಂದು ಪದರ ಬರುತ್ತೆ ಪುಟ್ಟೀ. ಯಾರಿಗೂ ಕಾಣಲ್ಲ. ಆದ್ರೆ ಇರುತ್ತೆ."

ಗೈಡ್ ಮುಖ ತಿರುಗಿಸಿಕೊಂಡು ಕಿಟಕಿಯ ಹೊರಗೆ ನೋಡಿದಳು. ಕಣ್ಣಿಗೆ ಸುಣ್ಣದ ಪುಡಿ ಬಿದ್ದಿರಬೇಕು…

ಎಲ್ಲಾ ಕೆಟ್ಟಿದ್ದು ಒಂದು ಬೆಳಗ್ಗೆ.

ಬಾಗಿಲು ತೆರೆಯುವ ಮೊದಲು ಅವಳು ತನ್ನ ಮೂಲೆಯಲ್ಲಿ ಚೀಲ ಇಡಲು ಬಗ್ಗಿದ್ದಳು. ಎದುರು ಮೂಲೆಯಲ್ಲಿ, ಸಾರವೆಯ ಮರೆಯಲ್ಲಿ, ಅವನು ಫೋನಿನಲ್ಲಿದ್ದ. ಅತ್ತಿಂದಿತ್ತ ಹೆಜ್ಜೆ ಹಾಕುತ್ತಿದ್ದ. ಕಲ್ಲು ಅವಳ ಕಿವಿಯ ಪಕ್ಕದಲ್ಲೇ ಮಾತಾಡಿತು.

"ಅಮ್ಮಾ… ಮಗು ಇರೋ ಹೆಂಗಸು…"

ಹೆಜ್ಜೆ ಸದ್ದು. ಮೌನ.

"…ಊರೆಲ್ಲ ನಗುತ್ತೆ…"

ಮತ್ತೆ ಮೌನ.

"…ಅವಳಿಗೆ ನಾನೇನೂ ಹೇಳಿಲ್ಲ, ಹೇಳೋದೂ ಇಲ್ಲ…"

ಅವಳು ಚೀಲ ಎತ್ತಿಕೊಂಡು ಸದ್ದಿಲ್ಲದೆ ಹೊರಬಂದಳು. ಅಳಲಿಲ್ಲ. ಮೊದಲ ಗುಂಪು ಆಗಲೇ ಹೆಬ್ಬಾಗಿಲಲ್ಲಿ ಕಾಯುತ್ತಿತ್ತು.

'ಸರಿಯಾಗೇ ಇದೆ. ಅವರಮ್ಮ ಇನ್ನೇನು ಹೇಳ್ತಾರೆ? ನನ್ನ ಮಗಳಿಗೂ ಇಂಥವಳು ಗಂಟುಬಿದ್ದಿದ್ರೆ… ಅಲ್ಲ, ಮಗನಿಗೆ. ಥೂ, ಏನು ಯೋಚಿಸ್ತಿದೀನಿ!'

ಅಂದಿನಿಂದ ಊಟ ಹೆಬ್ಬಾಗಿಲಲ್ಲಿ ಟಿಕೆಟ್ ಕೊಡುವ ಅಕ್ಕನ ಗೂಡಿನಲ್ಲಿ. ಬೆಳಗಿಂದ ಸಂಜೆವರೆಗೆ ಒಂದು ಕಿಂಡಿಯಿಂದ ಲೋಕ ನೋಡುವ ಆ ಅಕ್ಕನಿಗೆ ಹೇಳದೆಯೇ ಎಲ್ಲಾ ಗೊತ್ತಾಗುತ್ತಿತ್ತು.

"ಏನೇ, ಕಿಟಕಿಕಟ್ಟೆ ಮೇಲೆ ಮುಳ್ಳು ಬೆಳೀತಾ?"

"ಗಾಳಿ ಜಾಸ್ತಿ ಅಕ್ಕ."

"ಹೂಂ. ಗಾಳಿ."

ಗಾರೆಯವನು ಒಮ್ಮೆ ಮೆಟ್ಟಿಲಲ್ಲಿ ಅಡ್ಡ ನಿಂತ. "ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಏನಿಲ್ಲ. ಊರೆಲ್ಲ ನಗೋ ಹಾಗಾಗೋದು ಬೇಡ, ಅಷ್ಟೇ."

ಅವನ ಕೈಯಲ್ಲಿದ್ದ ಕರಣೆ ಅಲ್ಲೇ ಗಾಳಿಯಲ್ಲಿ ನಿಂತಿತು. ಅವಳು ತಿರುಗಿ ನೋಡದೆ ಇಳಿದು ಹೋದಳು.

ಕೆಲಸ ಮುಗಿಯಿತು. ಸಾರವೆ ಬಿಚ್ಚಿದರು. ಹಲಗೆ, ಹಗ್ಗ ಎಲ್ಲಾ ಗಾಡಿಗೇರಿದವು. ಸಭಾಂಗಣ ದೊಡ್ಡದಾಗಿ, ಬೆಳ್ಳಗೆ, ಖಾಲಿಯಾಗಿ ಕಾಣಿಸಿತು. ಮಗಳ ಅಂಗೈ ಎಲ್ಲಿತ್ತೆಂದು ಅವಳಿಗೂ ಹೇಳಲಾಗುತ್ತಿರಲಿಲ್ಲ.

ಸಂಜೆಯ ಕೊನೆಯ ಗುಂಪು ಹೊರಡುವಾಗ ಟಿಕೆಟ್ ಅಕ್ಕ ಕಿಂಡಿಯಿಂದ ಕೂಗಿದಳು.

"ಇರೇ! ಇನ್ನೊಬ್ರು ಇದಾರೆ, ಸೇರಿಸ್ಕೋ!"

ಒಗೆದ ಅಂಗಿ, ಬಾಚಿದ ತಲೆ. ಅವನ ಕೂದಲು ಕಪ್ಪು ಅಂತ ಅವಳಿಗೆ ಅಂದೇ ಗೊತ್ತಾಗಿದ್ದು.

"ನೀವಿಲ್ಲಿ ಏನ್ ಮಾಡ್ತಿದೀರ?"

"ಟಿಕೆಟ್ ತಗೊಂಡಿದೀನಿ ಮೇಡಂ. ಕೋಟೆ ತೋರಿಸಿ. ಇಲ್ಲಿ ಕಲ್ಲು ಗಿಲ್ಲು ಉದುರಲ್ಲ ತಾನೇ?"

ಅವಳು ಬುರುಜು, ಬಾವಿ, ಆಯುಧದ ಕೋಣೆ ಎಲ್ಲಾ ತೋರಿಸಿದಳು. ದನಿ ಎಂದಿನಷ್ಟೇ ಸ್ಪಷ್ಟವಾಗಿತ್ತು.

ಸಭಾಂಗಣಕ್ಕೆ ಬಂದಾಗ, "ಆ ಮೂಲೆಗೆ ಯಾರು ಹೋಗ್ತೀರ?" ಎಂದು ಕೇಳಲೇಬೇಕಾಯಿತು.

ಅವನು ಆಗಲೇ ಹೊರಟಿದ್ದ.

ಅವಳು ತನ್ನ ಮೂಲೆಗೆ ಹೋಗಿ ಗೋಡೆಗೆ ಕಿವಿ ಕೊಟ್ಟಳು. ಕೊಡದೆ ವಿಧಿಯಿರಲಿಲ್ಲ, ಅದು ಅವಳ ಕೆಲಸ.

"ಈ ಸಲ ನಾನು ಅತ್ತಿತ್ತ ತಿರುಗಲ್ಲ. ಪೂರ್ತಿ ಕೇಳಿ," ಎಂದಿತು ಕಲ್ಲು. "ಅವತ್ತು ಫೋನಲ್ಲಿ ನಾನು, ಅಮ್ಮಾ, ಮಗು ಇರೋ ಹೆಂಗಸು ಅಂತ ನೀನು ಹಿಂಜರೀತೀಯ, ನಂಗೆ ಆ ಮಗು ಅಂದ್ರೂ ಇಷ್ಟ ಅಂದಿದ್ದೆ. ಊರೆಲ್ಲ ನಗುತ್ತೆ ಅಂತೀಯಲ್ಲ, ನಗಲಿ ಬಿಡು, ನಕ್ಕು ಸುಸ್ತಾಗ್ತಾರೆ ಅಂದಿದ್ದೆ."

ಅವಳು ಅಂಗೈಯನ್ನು ಗೋಡೆಗೆ ಒತ್ತಿದಳು.

"ಅವಳಿಗೆ ನಾನೇನೂ ಹೇಳಿಲ್ಲ, ನೀನು ಒಪ್ಪೋವರೆಗೆ ಹೇಳೋದೂ ಇಲ್ಲ, ಒಬ್ರು ಮುಖ ಸಿಂಡರಿಸೋ ಮನೆಗೆ ಅವಳನ್ನ ಕರೆಯಲ್ಲ ಅಂದಿದ್ದೆ. ನಿಮಗೆ ಅರ್ಧ ಕೇಳ್ತು ಅಂತ ಮೆಟ್ಟಿಲಲ್ಲಿ ನೀವಾಡಿದ ಮಾತಿಂದ ಗೊತ್ತಾಯ್ತು. ಅರ್ಧಕ್ಕೆ ನಾನು ಗೋಡೆಗೆ ಬೆನ್ನು ಹಾಕಿದ್ದೆ… ನಿನ್ನೆ ಅಮ್ಮ ಒಪ್ಪಿದ್ರು. ಪೂರ್ತಿ ಅಲ್ಲ. 'ಮೊದಲು ಆ ಮಗೂನ ಕರ್ಕೊಂಡು ಬಾ, ನೋಡ್ತೀನಿ' ಅಂದ್ರು."

ಆಮೇಲೆ, ತೀರಾ ಮೆಲ್ಲಗೆ:

"ನಿಮ್ಮನ್ನ ಬಿಟ್ಟು ಬದುಕಲ್ಲ ಅಂತೆಲ್ಲ ಹೇಳಲ್ಲ. ಬದುಕಬಹುದು. ಆದ್ರೆ ಮಧ್ಯಾಹ್ನ ಊಟ ಸೇರಲ್ಲ."

ಅವಳ ಹಣೆ ತಣ್ಣನೆಯ ಕಲ್ಲಿಗೆ ಒರಗಿತು. ಇಷ್ಟು ವರ್ಷ ಈ ಗೋಡೆ ಅವಳಿಗೆ ಸಾವಿರ ಪ್ರಮಾಣ ಕೇಳಿಸಿತ್ತು. ಊಟದ ಮಾತು ಯಾರೂ ಆಡಿರಲಿಲ್ಲ…

"ಏನಂದ್ರು ಮೇಡಂ? ಗಟ್ಟಿಯಾಗಿ ಹೇಳಿ!" ಗುಂಪು ಕಾಯುತ್ತಿತ್ತು.

ಅವಳು ತಿರುಗಿದಳು. "ಗಾರೆ… ಗಾರೆ ಚೆನ್ನಾಗಿ ಬಂದಿದೆ ಅಂದ್ರು."

ಕೈಗೋಲು ಹಿಡಿದ ಒಬ್ಬ ಅಜ್ಜಿ ಹುಬ್ಬೇರಿಸಿದರು. "ಅಷ್ಟುದ್ದ ಹೇಳಿದ್ದು ಇಷ್ಟೇನಾ? ಮತ್ತೆ ನಿನ್ನ ಕಣ್ಣು ಯಾಕಮ್ಮ ಹಾಗಾಗಿದೆ?"

"ಸುಣ್ಣ ಅಜ್ಜೀ. ಹೊಸ ಸುಣ್ಣ."

"ಹಾಗಾದ್ರೆ ಉತ್ತರ ಕೊಡು ಹೋಗು. ನಾವು ಇಲ್ಲಿ ಕಾಲು ಚಾಚ್ಕೊಂಡು ಕೂತಿರ್ತೀವಿ. ಅವಸರ ಇಲ್ಲ."

ಅವಳು ಮತ್ತೆ ಗೋಡೆಗೆ ಮುಖ ಮಾಡಿದಳು. ಆ ಮೂಲೆಯಲ್ಲಿ ಅವನು ಬೆನ್ನು ಕಾಣುವಂತೆ ಅಲ್ಲಾಡದೆ ನಿಂತಿದ್ದ.

"ಕೇಳಿಸ್ತಿದೆಯಾ?"

"ಹೂಂ."

"ಸೋಮವಾರ ಕೋಟೆಗೆ ರಜೆ. ಮಧ್ಯಾಹ್ನ ಮನೆಗೆ ಊಟಕ್ಕೆ ಬನ್ನಿ. ನಿಮ್ಮಮ್ಮನ್ನ ನೋಡೋಕೆ ಬರ್ತಾಳಾ ಅಂತ ನನ್ನ ಮಗಳನ್ನ ನೀವೇ ಕೇಳ್ಬೇಕು."

"ಅವಳು ಒಲ್ಲೆ ಅಂದ್ರೆ?"

"ಮತ್ತೆ ಟಿಕೆಟ್ ತಗೊಂಡು ಬನ್ನಿ."

"ನೀವು?"

ಅವಳು ಕಲ್ಲಿಗೆ ಇನ್ನಷ್ಟು ಹತ್ತಿರವಾದಳು.

"ನಾನು ಆಗಲೇ ಹೂಂ ಅಂದಾಯ್ತು. ತಿರುಗಿ ನಿಂತಿದ್ರಾ? ಕೇಳಿಸ್ಲಿಲ್ವಾ?"